ಅಮ್ಮ ಹೋದ ಮೇಲೆ: ಚರ್ಚಿನ ಪುಸ್ತಕದಿಂದ ಆರ್‌ಟಿಸಿ ತನಕ

ಮೊನ್ನೆ ನಮ್ಮ ಮನೆ ಜಾಗದ ಹೊಸ ಆರ್‌ಟಿಸಿ, ಅಂದರೆ ಪಹಣಿ, ಕೈಗೆ ಬಂತು. ಅಮ್ಮನ ಹೆಸರಿದ್ದ ಕಡೆ ಈಗ ಅಣ್ಣ, ನಾನು, ತಂಗಿ, ಮೂವರ ಹೆಸರೂ ಇದೆ. ಅಮ್ಮ ತೀರಿಕೊಂಡದ್ದು 2025ರ ಮಳೆಗಾಲದಲ್ಲಿ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಒಂದು ಚೀಲ ತುಂಬ ಕಾಗದ ಆಗಿದೆ. ತುಂಬ ವಯಸ್ಸಾದ ತಾಯಿ ತಂದೆ ಇರುವ ಮನೆಯವರಿಗೆ, ಅದರಲ್ಲೂ ನಮ್ಮಂಥ ಕ್ರೈಸ್ತ ಮನೆಯವರಿಗೆ, ಉಪಯೋಗ ಆದೀತು ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಮ್ಮ ಊರಿನ ಹೆಸರು, ಬ್ಯಾಂಕಿನ ಹೆಸರು ಬೇಡ. ಕರಾವಳಿಯ ಒಂದು ಪುರಸಭೆ ಊರು, ಅಷ್ಟು ಸಾಕು.

ಅಮ್ಮನಿಗೆ 92 ವರ್ಷ. ಹುಟ್ಟಿದ್ದು 1932ರಲ್ಲಿ, ಮಲ್ಪೆ ಕಡೆ. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಕ್ರೈಸ್ತರಾದವರಿಗೆ ಮನೆ, ಗದ್ದೆ, ಕಸುಬು ಎಲ್ಲ ತಪ್ಪಿಹೋಗುತ್ತಿದ್ದ ಕಾಲ ಅದು. ಹಂಚು ಮತ್ತು ನೇಯ್ಗೆ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟವು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆದರೂ ಅಜ್ಜನ ಬಾಯಲ್ಲಿ ಅದು ಕೊನೆ ತನಕ ಮಿಷನ್ ಕಾರ್ಖಾನೆಯೇ.

ಅಮ್ಮ ಹೊರಗೆ ಕೆಲಸಕ್ಕೆ ಹೋದವರಲ್ಲ. ಅಪ್ಪ ಅನುದಾನಿತ ಶಾಲೆಯಲ್ಲಿ ಮಾಸ್ತರರು. ಅಮ್ಮನಿಗೆ ಮನೆ, ನಾವು ಮೂವರು ಮಕ್ಕಳು, ಮತ್ತೆ ಚರ್ಚು. ಭಾನುವಾರದ ಶಾಲೆಯಲ್ಲಿ ಎಷ್ಟು ವರ್ಷ ಪಾಠ ಹೇಳಿದರೋ ಲೆಕ್ಕ ಇಲ್ಲ. ಈಗಿನ ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರಲ್ಲಿ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಚರ್ಚಿನ ಬೆಳೆ ಹಬ್ಬಕ್ಕೆ ಅಂತಲೇ ಹಿತ್ತಲಲ್ಲಿ ಒಂದು ಗೊನೆ ಬಾಳೆ ಬಿಟ್ಟಿರುತ್ತಿದ್ದರು, ಅದನ್ನು ನಾವು ಮುಟ್ಟುವ ಹಾಗಿಲ್ಲ. ಏಲಂನಲ್ಲಿ ಆ ಗೊನೆಗೆ ತಾವೇ ಕೂಗಿ, ಜಾಸ್ತಿ ದುಡ್ಡು ಕೊಟ್ಟು, ಮನೆಗೆ ವಾಪಸ್ ತರುತ್ತಿದ್ದರು! ಅಪ್ಪ ನಗುತ್ತಿದ್ದರು.

ಮೊದಲ ದಿನ

ಬೆಳಗಿನ ಜಾವ ನಿದ್ದೆಯಲ್ಲೇ ಹೋದರು. ಮನೆಯಲ್ಲಿ ತೀರಿಕೊಂಡರೆ ಏನು ಮಾಡಬೇಕು ಅಂತ ಆ ಹೊತ್ತಿಗೆ ಯಾರಿಗೂ ಹೊಳೆಯುವುದಿಲ್ಲ. ಮೊದಲು ಕರೆಯಬೇಕಾದದ್ದು ಡಾಕ್ಟರನ್ನು. ಅಮ್ಮನನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರು ಬಂದು ನೋಡಿ, ನಮೂನೆ 4ಎ ಬರೆದುಕೊಟ್ಟರು. ಆಸ್ಪತ್ರೆಯ ಹೊರಗೆ ತೀರಿಕೊಂಡವರಿಗೆ ಸಾವಿನ ಕಾರಣ ಬರೆಯುವ ನಮೂನೆ ಅದು. ಆಸ್ಪತ್ರೆಯಲ್ಲಾದರೆ ನಮೂನೆ 4, ಅದನ್ನು ಆಸ್ಪತ್ರೆಯವರೇ ಕಳಿಸುತ್ತಾರೆ. ಮನೆಯಲ್ಲಾದರೆ ಪುರಸಭೆಗೆ ತಿಳಿಸುವ ಕೆಲಸ ಮನೆಯವರದ್ದು. ಆ ಕಾಗದವನ್ನು ಅಣ್ಣನ ಮಗ ಫೋನಿನಲ್ಲಿ ಫೋಟೋ ತೆಗೆದಿಟ್ಟ. ಒಳ್ಳೆಯದಾಯಿತು, ಯಾಕೆಂದರೆ ಅಸಲು ಪ್ರತಿ ಆ ದಿನದ ಗಲಾಟೆಯಲ್ಲಿ ಸಂಗೀತ ಪುಸ್ತಕದ (ಚರ್ಚಿನ ಹಾಡುಗಳ ಪುಸ್ತಕ) ಒಳಗೆ ಸೇರಿ, ಆ ಪುಸ್ತಕ ಯಾರದ್ದೋ ಕೈಯಲ್ಲಿ ಚರ್ಚಿಗೆ ಹೋಗಿತ್ತು.

ಎರಡನೇ ಫೋನ್ ಸಭಾಪಾಲಕರಿಗೆ, ಅಂದರೆ ನಮ್ಮ ಚರ್ಚಿನ ಪಾದ್ರಿಗಳಿಗೆ. ಸ್ವಲ್ಪ ಹೊತ್ತಿಗೆ ಚರ್ಚಿನ ಗಂಟೆ ಕೇಳಿತು. ಭಾನುವಾರದ ಗಂಟೆಯ ಹಾಗೆ ಅಲ್ಲ, ಒಂದೊಂದೇ ಪೆಟ್ಟು, ನಡುವೆ ತುಂಬ ಬಿಟ್ಟು ಬಿಟ್ಟು. ಅದನ್ನು ಕೇಳಿಯೇ ಜನ ಬರಲು ಶುರು ಮಾಡಿದರು.

ತಂಗಿ ದುಬೈಯಲ್ಲಿ. ಅವಳು ಬರುವ ತನಕ ಕಾಯಬೇಕಿತ್ತು. ಫ್ರೀಜರ್ ಬಾಕ್ಸಿಗೆ ದಿನಕ್ಕೆ ಇಷ್ಟು ಅಂತ ಬಾಡಿಗೆ. ನಮ್ಮ ಕಡೆ ಎರಡು ಮೂರು ಸಾವಿರ ಆಸುಪಾಸು. ಒಂದು ಮಾತು: ಬಾಕ್ಸ್ ಇಡುವ ಕೋಣೆಯ ಕರೆಂಟ್ ಪಾಯಿಂಟನ್ನು ಮೊದಲೇ ನೋಡಿಕೊಳ್ಳಿ. ನಮ್ಮ ಹಳೇ ಮನೆಯ ಪಾಯಿಂಟ್ ತಡೆಯಲಿಲ್ಲ. ಮಳೆಗೆ ಎರಡು ಸಲ ಕರೆಂಟೂ ಹೋಯಿತು. ಎದುರಿನ ಅಂಗಡಿಯ ಕಾಕ ಹೇಳದೆ ಕೇಳದೆ ತಮ್ಮ ಜನರೇಟರ್ ತಂದು ಅಂಗಳದಲ್ಲಿ ಇಟ್ಟು ಹೋದರು.

ಸಮಾಧಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಸಭೆಯ ಸ್ಮಶಾನ ಸಣ್ಣದು. ಹೊಸ ಗುಂಡಿಗೆ ಜಾಗ ಸಿಗುವುದು ಕಷ್ಟ. ಗಂಡ ಹೆಂಡತಿಗೆ ಒಂದೇ ಸಮಾಧಿ ತೆಗೆದುಕೊಡುತ್ತಾರೆ, ಆದರೆ ಮೊದಲಿನವರನ್ನು ಮಣ್ಣು ಮಾಡಿ ಇಂತಿಷ್ಟು ವರ್ಷ ಆಗಿರಬೇಕು ಅಂತ ನಿಯಮ ಇದೆ. ಎಷ್ಟು ವರ್ಷ ಅನ್ನುವುದು ಸಭೆಯಿಂದ ಸಭೆಗೆ ಬೇರೆ, ನಿಮ್ಮಲ್ಲಿ ಕೇಳಿಕೊಳ್ಳಿ. ಅಪ್ಪ ಹೋದದ್ದು 1999ರಲ್ಲಿ, ಹಾಗಾಗಿ ತೊಂದರೆ ಇರಲಿಲ್ಲ. ಅನುಮತಿಗೆ ಸಭೆಯ ಖಜಾಂಚಿ ವಂತಿಗೆ ಪುಸ್ತಕ ತೆಗೆದು ನೋಡಿದರು. ಬಾಕಿ ಇದ್ದರೆ ಕಟ್ಟಿಯೇ ಮುಂದೆ ಹೋಗಬೇಕು. ಅವರು ಬೆರಳಿಟ್ಟು ಒಂದು ಸಾಲು ಓದಿ, ಪುಸ್ತಕ ನನ್ನ ಕಡೆ ತಿರುಗಿಸಿದರು. “ಟೀಚರದ್ದು ಮುಂದಿನ ಮಾರ್ಚ್ ತನಕ ಕಟ್ಟಿ ಆಗಿದೆ ಅಕ್ಕ” ಅಂದರು. ವಾಪಸ್ ಕೇಳಬೇಡಿ ಮತ್ತೆ, ಅಂತ ತಮಾಷೆ ಮಾಡಲು ಹೋಗಿ ಅವರೇ ಅತ್ತರು.

ಅಪ್ಪನ ಸಮಾಧಿಯ ಮೇಲಿನ ಸಿಮೆಂಟ್ ಒಡೆಯಬೇಕಿತ್ತು. ನಮ್ಮಲ್ಲಿ ಕೆಳಗೆ ಮುರಕಲ್ಲು. ಆಳುಗಳು ಪಿಕ್ಕಾಸು ಹಿಡಿದು ಬೆಳಿಗ್ಗೆಯಿಂದ ಅಗೆದರು. ಅಗೆದ ಹಾಗೆ ನೀರು ಉಕ್ಕುತ್ತಿತ್ತು. ಮೇಲೆ ಟಾರ್ಪಾಲು ಕಟ್ಟಿ, ಒಬ್ಬ ಒಳಗೆ ಇಳಿದು ಬಕೆಟಲ್ಲಿ ತೋಡುವುದು, ಇನ್ನೊಬ್ಬ ಮೇಲಿಂದ ಎಳೆದು ಚೆಲ್ಲುವುದು. ಪೆಟ್ಟಿಗೆ ಇಳಿಸುವ ಹೊತ್ತಿಗೂ ತಳದಲ್ಲಿ ಪಾದ ಮುಳುಗುವಷ್ಟು ಕೆಂಪು ನೀರು ಇತ್ತು. ತಂಗಿ ಅದನ್ನು ನೋಡಿ ಬೇಡ ಬೇಡ ಅಂತ ಕೂಗಿದಳು. ಆಳು ಇಳಿದು ಒಂದು ಬುಟ್ಟಿ ಜಲ್ಲಿ, ಅದರ ಮೇಲೆ ಮರಳು ಹಾಕಿ ಸರಿ ಮಾಡಿದ. ಮಳೆಗಾಲದಲ್ಲಿ ಆದರೆ ಜಲ್ಲಿ, ಮರಳು, ಟಾರ್ಪಾಲು ಮೊದಲೇ ತರಿಸಿಟ್ಟುಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ.

ಆರಾಧನೆಯಲ್ಲಿ 23ನೆಯ ಕೀರ್ತನೆ ಓದಿದರು. ಮಹಿಳಾ ಕೂಟದವರು ಹಾಡಿದರು. ಯಾವ ಹಾಡು ಹಾಡಬೇಕು ಅಂತ ಅಮ್ಮ ಸಂಗೀತ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಪೆನ್ಸಿಲಲ್ಲಿ ನಂಬರು ಬರೆದಿಟ್ಟಿದ್ದರು. ಕೆಳಗೆ “ಎಲ್ಲಾ ಚರಣ” ಅಂತ ಅಡಿಗೆರೆ ಬೇರೆ. ಎಲ್ಲಾ ಚರಣ ಹಾಡಿಯೇ ಆಯಿತು.

ಪೆಟ್ಟಿಗೆ, ಅಗೆತ, ಹೂವು, ಶಾಮಿಯಾನ, ಬಂದವರಿಗೆ ಗಂಜಿ ಊಟ, ಸಭೆಗೆ ಕಾಣಿಕೆ ಎಲ್ಲ ಸೇರಿ ಅರುವತ್ತು ಸಾವಿರ ದಾಟಿತು. ಅಷ್ಟು ಮಾಡಬೇಕು ಅಂತ ಏನೂ ಇಲ್ಲ. ಪೆಟ್ಟಿಗೆ ಒಂದಕ್ಕೇ ಹನ್ನೆರಡು ಸಾವಿರದಿಂದ ಐವತ್ತು ಸಾವಿರದ ತನಕ ತೋರಿಸುತ್ತಾರೆ. ಆ ಹೊತ್ತಿಗೆ ಚೌಕಾಸಿ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ, ಅಂಗಡಿಯವರಿಗೆ ಅದು ಗೊತ್ತು. ಮನೆಯವರಲ್ಲದ ಒಬ್ಬರನ್ನು ಕಳಿಸಿ.

ಮರಣ ಪತ್ರ

ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕ ಇಲ್ಲ. 30 ದಿನ ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ. ಹಾಗಾಗಿ ಎಷ್ಟೇ ದುಃಖ ಇದ್ದರೂ ಇದನ್ನು ಮುಂದೆ ಹಾಕಬೇಡಿ. ನಾವು ಮೊದಲ ವಾರವೇ ಪುರಸಭೆಗೆ ಹೋದೆವು. ಡಾಕ್ಟರ ನಮೂನೆ, ಅಮ್ಮನ ಆಧಾರ್, ಮಾಹಿತಿ ಕೊಡುವವರ ಆಧಾರ್, ಮತ್ತೆ ಸಭಾಪಾಲಕರು ಕೊಟ್ಟ ಸಮಾಧಿ ಪತ್ರ. ಇ-ಜನ್ಮ ಅನ್ನುವ ಸರ್ಕಾರದ ಜಾಲತಾಣದಲ್ಲಿ ಏರಿಸುತ್ತಾರೆ, ಡಿಜಿಟಲ್ ಸಹಿಯ ಪ್ರತಿ ಬರುತ್ತದೆ. ಹೆಚ್ಚುವರಿ ಪ್ರತಿಗೆ ನಾವು ಕಟ್ಟಿದ್ದು ತಲಾ ₹50.

ಬಂದ ಪ್ರತಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಸಣ್ಣ ತಪ್ಪು ಅಲ್ವಾ ಅಂತ ಅಣ್ಣ ಬಿಡಲು ಹೊರಟಿದ್ದ. ನಾನು ಬಿಡಲಿಲ್ಲ. ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಲ್ಲಿ ತಿದ್ದುಪಡಿಗೆ ದಾರಿ ಇದೆ. ಅರ್ಜಿ, ಅಫಿಡವಿಟ್, ವಿಷಯ ಬಲ್ಲ ಇಬ್ಬರ ಹೇಳಿಕೆ ಕೊಟ್ಟೆವು. ಗುಮಾಸ್ತೆ ಒಳ್ಳೆಯ ಹುಡುಗಿ, ಆದರೆ ಸಹಿ ಹಾಕಬೇಕಾದವರು ಒಂದು ದಿನ ರಜೆ, ಒಂದು ದಿನ ಮೀಟಿಂಗು, ಒಂದು ದಿನ ಸರ್ವರ್ ಇಲ್ಲ. ಬಾಗಿಲ ಹೊರಗಿನ ಬೆಂಚು ನನಗೆ ಮನೆಯ ಬೆಂಚೇ ಆಗಿಹೋಗಿತ್ತು. ಎಂತ ಮಾಡೂದು ಮಾರಾಯ್ರೆ.

ವಯಸ್ಸಿನ ವಿಷಯ ಇನ್ನೊಂದು. ಆಧಾರಲ್ಲಿ ಅಮ್ಮನ ಹುಟ್ಟಿದ ದಿನ 01-01-1935 ಅಂತ ಇತ್ತು. ಆಧಾರ್ ಮಾಡಿಸುವಾಗ ದಾಖಲೆ ಇಲ್ಲದ ಮುದುಕರಿಗೆಲ್ಲ ಜನವರಿ ಒಂದನೇ ತಾರೀಕೇ ಹುಟ್ಟುಹಬ್ಬ. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಅಮ್ಮ 90ಕ್ಕೆ ಹೋದರು, ನಮ್ಮ ಲೆಕ್ಕದಲ್ಲಿ 92ಕ್ಕೆ. ಇದನ್ನು ತಿದ್ದಿಸಲು ನಾವು ಹೋಗಲಿಲ್ಲ. ವಿಮೆ ಏನಾದರೂ ಇದ್ದರೆ ಮಾತ್ರ ವಯಸ್ಸಿನ ತಕರಾರು ಬಂದೀತು. ನಿಜವಾದ ತಕರಾರು ಹೆಸರಿನದ್ದು.

ಮೂರು ಹೆಸರು, ಒಬ್ಬಳೇ ಅಮ್ಮ

ಆಧಾರಲ್ಲಿ, ಮರಣ ಪತ್ರದಲ್ಲಿ: ಎಲಿಜಬೆತ್, ಮುಂದೆ ಅಪ್ಪನ ಮನೆತನದ ಹೆಸರು. ಬ್ಯಾಂಕಿನ ಹಳೇ ಪಾಸ್‌ಬುಕ್ಕಿನಲ್ಲಿ: ಎಲ್ಸಿ. ಐದು ಸೆಂಟ್ಸ್ ಮನೆ ಜಾಗದ ಆರ್‌ಟಿಸಿಯಲ್ಲಿ: ಎಲಿಜಾ ಬಾಯಿ, ಮುಂದೆ ಅಜ್ಜನ ಹೆಸರು. ಜಾಗ ಅಜ್ಜ ಮಗಳಿಗೆ ಅಂತ ಮಾಡಿಕೊಟ್ಟದ್ದು. ಆ ಕಾಲದ ಬರಹಗಾರರಿಗೆ ಕೇಳಿಸಿದ್ದು ಎಲಿಜಾ ಬಾಯಿ.

ನೋಟರಿ ಅಫಿಡವಿಟ್ ಸಾಕು ಅಂತ ಒಬ್ಬರು ವಕೀಲರು ಹೇಳಿದ್ದರು. ನಾಡಕಚೇರಿಯಲ್ಲಿ ಅದನ್ನು ನೋಡಿ, “ಇದು ನೀವೇ ಹೇಳಿಕೊಂಡದ್ದಾಯಿತು ಮೇಡಂ. ಎಲಿಜಾ ಬಾಯಿಯೇ ಎಲಿಜಬೆತ್ ಅಂತ ಹಳೆಯ ದಾಖಲೆ ಏನಿದೆ?” ಅಂತ ಕೇಳಿದರು. ಕೇಳಿದ್ದು ತಪ್ಪೇನಲ್ಲ. ಆದರೆ ನಮ್ಮ ಹತ್ತಿರ ಏನಿತ್ತು? ಅಮ್ಮ ಹುಟ್ಟಿದಾಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಜನನ ಪತ್ರ ಇಲ್ಲ. ಶಾಲೆಯ ದಾಖಲೆ ಹುಡುಕಿದರೆ ಆ ಶಾಲೆಯೇ ಮುಚ್ಚಿ ಎಷ್ಟೋ ಕಾಲ ಆಗಿದೆ. ಮನೆಯ ಸತ್ಯವೇದದ (ಬೈಬಲಿನ) ಮೊದಲ ಖಾಲಿ ಹಾಳೆಯಲ್ಲಿ ಅಜ್ಜ ಮಕ್ಕಳ ಹೆಸರು, ಹುಟ್ಟಿದ ದಿನ ಬರೆದಿದ್ದರು. ಅದನ್ನು ಒಯ್ದು ತೋರಿಸಿದೆ. ಅವರು ಕೈಮುಗಿದು ಪುಸ್ತಕ ವಾಪಸ್ ಕೊಟ್ಟರು, ದಾಖಲೆ ಅಂತ ತೆಗೆದುಕೊಳ್ಳಲಿಲ್ಲ.

ಆಗ ಸಭಾಪಾಲಕರು ಹೇಳಿದರು, “ಅಮ್ಮನಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಎಲ್ಲಿ ಆದದ್ದು? ಅಲ್ಲಿಗೆ ಹೋಗಿ ಅಕ್ಕ.”

ಹೋದೆ. ಅಲ್ಲಿನ ಸಭಾಪಾಲಕರು ಉಗ್ರಾಣದ ಕಬ್ಬಿಣದ ಕಪಾಟು ತೆಗೆದರು. ಉದ್ದದ ಪುಸ್ತಕಗಳು, ಬೆನ್ನಿಗೆ ಬಟ್ಟೆ ಅಂಟಿಸಿದವು, ನಡುವೆ ನುಸಿ ಗುಳಿಗೆ. ವರ್ಷ ಸರಿಯಾಗಿ ಗೊತ್ತಿಲ್ಲದಿದ್ದರೆ ಹುಡುಕುವುದು ಕಷ್ಟ. ನಮಗೆ ಸತ್ಯವೇದದ ಹಾಳೆ ಇಲ್ಲಿ ಕೆಲಸಕ್ಕೆ ಬಂತು. ತಾರೀಕು ಇದ್ದದ್ದರಿಂದ ಬೇಗ ಸಿಕ್ಕಿತು. ಕಂದು ಬಣ್ಣಕ್ಕೆ ತಿರುಗಿದ ಶಾಯಿ, ದುಂಡು ಅಕ್ಷರ. ಎಲಿಸಬೇತ್. ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ. ತಂದೆ, ತಾಯಿ. ತಂದೆಯ ಕೆಲಸ: ಹಂಚಿನ ಕಾರ್ಖಾನೆ. ಸಾಕ್ಷಿಗಳು ಇಬ್ಬರು, ಒಬ್ಬರದ್ದು ಸಹಿ, ಇನ್ನೊಬ್ಬರದ್ದು ಹೆಬ್ಬೆಟ್ಟು. ಆ ಹೆಬ್ಬೆಟ್ಟಿನ ಗೆರೆಗಳು ಈಗಲೂ ಎಣಿಸುವಷ್ಟು ಸ್ಪಷ್ಟ. ಮೇಲಿನ ಸಾಲಿನ ಮಗುವಿನ ಹೆಸರಿನ ಎದುರು ಬೇರೆ ಶಾಯಿಯಲ್ಲಿ ಒಂದು ಶಿಲುಬೆ ಗುರುತು ಮತ್ತು ಮುಂದಿನ ವರ್ಷದ ತಾರೀಕು. ಕೆಳಗಿನ ಸಾಲಿನ ಮಗುವಿಗೂ ಹಾಗೆಯೇ. ಆ ಪುಟದಲ್ಲಿ ಅಂಥ ಗುರುತುಗಳು ಎಷ್ಟೋ ಇದ್ದವು. ಅಮ್ಮನ ಎದುರು ಏನೂ ಇರಲಿಲ್ಲ. ಮಲೇರಿಯಾ, ಕಾಲರಾ, ಬಡತನ ಎಲ್ಲದರ ನಡುವೆ ಇವರೊಬ್ಬರು ಹೇಗೆ ತೊಂಬತ್ತೆರಡು ವರ್ಷ ಎಳೆದರೋ ಅಂತ ಅಲ್ಲೇ ನಿಂತು ಯೋಚಿಸಿದೆ.

ಮದುವೆ ಪುಸ್ತಕ ನಮ್ಮ ಸಭೆಯಲ್ಲೇ ಇತ್ತು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಚರ್ಚಿನಲ್ಲಿ ಆದ ಮದುವೆಯನ್ನು ನೋಂದಣಿ ಪುಸ್ತಕದಲ್ಲಿ ಬರೆಯಲೇಬೇಕು. ಅದಕ್ಕೆ ಕಾನೂನಿನ ಬಲ ಇದೆ. 1955ರ ಪುಟದಲ್ಲಿ ವಧುವಿನ ಹೆಸರು ಎಲಿಸಬೇತ್, ಕೆಳಗೆ ಅವರ ಸಹಿ “ಎಲಿಜಾ”, ತಂದೆಯ ಹೆಸರು ಅಜ್ಜನದ್ದು, ವರನ ಹೆಸರು ಅಪ್ಪನದ್ದು. ಒಂದೇ ಪುಟದಲ್ಲಿ ಎಲ್ಲ ಕೊಂಡಿ ಸಿಕ್ಕಿತು! ಆರ್‌ಟಿಸಿಯ ಎಲಿಜಾ, ಅಜ್ಜನ ಮಗಳು, ಅಪ್ಪನ ಹೆಂಡತಿ.

ಸಭಾಪಾಲಕರು ಎರಡೂ ಪುಸ್ತಕಗಳ ದೃಢೀಕೃತ ನಕಲು ಕೊಟ್ಟರು. ಜೊತೆಗೆ, ಈ ಹೆಸರುಗಳೆಲ್ಲ ನಮ್ಮ ಸಭೆಯ ಸದಸ್ಯೆಯಾಗಿದ್ದ ಒಬ್ಬರದ್ದೇ ಅಂತ ಲೆಟರ್‌ಹೆಡ್ಡಿನಲ್ಲಿ ಪತ್ರ, ಮೊಹರು. ಶುಲ್ಕ ಅಂತ ಇಲ್ಲ, ಕಾಣಿಕೆ ಹಾಕಿದೆವು. ಇದನ್ನು ಓದುತ್ತಿರುವ ಸಭೆಯವರಿಗೆ ಒಂದು ಮಾತು: ನಿಮ್ಮ ಸಭೆಯ ಹಳೇ ಪುಸ್ತಕಗಳನ್ನು ದಯವಿಟ್ಟು ಸ್ಕ್ಯಾನ್ ಮಾಡಿಸಿ. ನಾನು ನೋಡಿದ ಪುಸ್ತಕದ ಅಂಚು ಮುಟ್ಟಿದರೆ ಉದುರುತ್ತಿತ್ತು. ಕರಾವಳಿಯ ತೇವಕ್ಕೆ ಇನ್ನು ಎಷ್ಟು ಮಳೆಗಾಲ ತಡೆದೀತು ಅದು?

ಬ್ಯಾಂಕು ಮತ್ತು ಪಿಂಚಣಿ

ಅಪ್ಪನ ನಂತರ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ತೀರಿಕೊಂಡ ಕೂಡಲೇ ಬ್ಯಾಂಕಿಗೂ ಖಜಾನೆಗೂ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ತೀರಿಕೊಂಡ ದಿನದ ತನಕದ್ದು ಮಾತ್ರ ನಮ್ಮದು. ಅದರ ಮೇಲೆ ಜಮಾ ಆದದ್ದನ್ನು ಬ್ಯಾಂಕ್ ವಾಪಸ್ ಹಿಡಿಯುತ್ತದೆ. ಅಂತ್ಯಕ್ರಿಯೆ ಖರ್ಚಿಗೆ ಅಂತ ಅವರ ಎಟಿಎಂ ಕಾರ್ಡಲ್ಲಿ ದುಡ್ಡು ತೆಗೆಯುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಮಾಡಬೇಡಿ. ಆಮೇಲೆ ಒಡಹುಟ್ಟಿದವರ ನಡುವೆ ಲೆಕ್ಕ ಹೇಳುವುದು ಅದಕ್ಕಿಂತ ಕಷ್ಟ.

ಉಳಿತಾಯ ಖಾತೆಗೆ ನಾನು ನಾಮಿನಿ. ನಾಮಿನಿ ಇದ್ದರೆ ಮರಣ ಪತ್ರ, ನಾಮಿನಿಯ ಗುರುತಿನ ದಾಖಲೆ, ಕ್ಲೇಮ್ ನಮೂನೆ ಸಾಕು. ಉತ್ತರಾಧಿಕಾರ ಪ್ರಮಾಣಪತ್ರ, ಜಾಮೀನುದಾರರು ಅಂತೆಲ್ಲ ಕೇಳುವ ಹಾಗಿಲ್ಲ. ದಾಖಲೆ ಸರಿ ಇದ್ದರೆ 15 ದಿನದೊಳಗೆ ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ನಮ್ಮ ಶಾಖೆಯಲ್ಲಿ ಮಾತ್ರ ಕೋರ್ಟಿನಿಂದ ಪ್ರಮಾಣಪತ್ರ ತನ್ನಿ ಅಂದರು. ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಪ್ರಿಂಟ್ ತೆಗೆದು, ಆ ಸಾಲಿಗೆ ಹಳದಿ ಗೆರೆ ಎಳೆದು ಮೇಜಿನ ಮೇಲೆ ಇಟ್ಟೆ. ಮ್ಯಾನೇಜರ್ ಓದಿ, ಒಳಗೆ ಹೋಗಿ ಫೋನ್ ಮಾಡಿ ಬಂದು, ಆಯ್ತು ಮೇಡಂ ಅಂದರು. ಎಲ್ಸಿ ಮತ್ತು ಎಲಿಜಬೆತ್ ತಕರಾರು ಅಲ್ಲೂ ಬಂತು. ಚರ್ಚಿನ ಪತ್ರ ಕೊಟ್ಟ ಮೇಲೆ ತಣ್ಣಗಾಯಿತು.

ಇನ್ನೊಂದು ವಿಷಯ ತಿಳಿದಿರಲಿ. ನಾಮಿನಿ ಅಂದರೆ ದುಡ್ಡಿನ ಒಡೆಯ ಅಲ್ಲ, ವಾರಸುದಾರರ ಪರವಾಗಿ ತೆಗೆದುಕೊಳ್ಳುವವರು ಅಷ್ಟೆ. ದುಡ್ಡು ನನ್ನ ಖಾತೆಗೆ ಬಂದ ದಿನವೇ ಮೂರು ಪಾಲು ಮಾಡಿ ಕಳಿಸಿದೆ.

ವಂಶವೃಕ್ಷ, ಪೌತಿ ಖಾತೆ

ಅಮ್ಮ ವಿಲ್ ಬರೆದಿರಲಿಲ್ಲ. ನಮಗೆ ಅನ್ವಯ ಆಗುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಪಾಲು ಸಮ. ಮದುವೆಯಾದ ಮಗಳು, ಆಗದ ಮಗಳು ಅಂತ ಭೇದ ಇಲ್ಲ. ಗಂಡ ಮೊದಲೇ ಹೋಗಿ ಮಕ್ಕಳು ಮಾತ್ರ ಇದ್ದರೆ ಎಲ್ಲರಿಗೂ ಸರಿಸಮ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಮಧ್ಯವರ್ತಿಯೊಬ್ಬ ನನ್ನ ಹತ್ತಿರವೇ ಬಂದು “ಹೆಣ್ಣು ಮಕ್ಕಳು ಸುಮ್ನೆ ಸಹಿ ಹಾಕಿಬಿಡಿ, ಅಣ್ಣನ ಹೆಸರಿಗೆ ಬೇಗ ಆಗ್ತದೆ” ಅಂದ. ಅಣ್ಣನೇ ಅವನನ್ನು ಬಾಯಿ ಮುಚ್ಚಿಸಿ ಕಳಿಸಿದ.

ವಾರಸುದಾರರು ಯಾರು ಅಂತ ತೋರಿಸುವ ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಮರಣ ಪತ್ರ (ಅಪ್ಪನದ್ದೂ ಬೇಕು, ಮರೆಯಬೇಡಿ), ಎಲ್ಲರ ಆಧಾರ್, ನೋಟರಿ ಅಫಿಡವಿಟ್. ಆಮೇಲೆ ಗ್ರಾಮ ಆಡಳಿತ ಅಧಿಕಾರಿ, ಅಂದರೆ ಮೊದಲಿನ ಶಾನುಭೋಗರು, ಮನೆಗೆ ಬಂದು ಮಹಜರು ಮಾಡುತ್ತಾರೆ. ನೆರೆಹೊರೆಯವರು ಸಾಕ್ಷಿ ಹಾಕಬೇಕು. ಪಕ್ಕದ ಮನೆಯ ರಾಯರು ಪೂಜೆ ಮುಗಿಸಿ ಪಂಚೆಯಲ್ಲೇ ಬಂದರು. ಕಾಕ ಅಂಗಡಿಗೆ ಹುಡುಗನನ್ನು ಕೂರಿಸಿ ಬಂದರು. ಈ ಮನೆಗೆ ಎಷ್ಟು ಮಕ್ಕಳು ಅಂತ ಅಧಿಕಾರಿ ಕೇಳಿದ್ದಕ್ಕೆ ಕಾಕ, “ಮೂವರು. ನಾಲ್ಕನೆಯವ ನಾನು, ಆದರೆ ನನಗೆ ಪಾಲು ಬೇಡ. ಕ್ರಿಸ್ಮಸ್ ತಿಂಡಿಯಲ್ಲಿ ಎಲ್ಲ ವಸೂಲಾಗಿದೆ” ಅಂದರು. ಅಧಿಕಾರಿಯೂ ನಕ್ಕರು. ಅಮ್ಮ ಹೋದ ಮೇಲೆ ಆ ಜಗಲಿಯಲ್ಲಿ ಯಾರಾದರೂ ಜೋರಾಗಿ ನಕ್ಕದ್ದು ಅದೇ ಮೊದಲು ಇರಬೇಕು.

ಮಹಜರು ಆದ ಮೇಲೆ ಕಡತ ಕಂದಾಯ ನಿರೀಕ್ಷಕರಿಗೆ, ಅಲ್ಲಿಂದ ಮೇಲೆ. ಎಲ್ಲಿ ನಿಂತಿದೆ ಅಂತ ಅರ್ಜಿಯ ನಂಬರು ಹಾಕಿ ಫೋನಲ್ಲೇ ನೋಡಬಹುದು. ನಮ್ಮದು ಒಂದು ಹಂತದಲ್ಲಿ ತುಂಬ ದಿನ ನಿಂತಿತು. ಹೋಗಿ ಕೇಳಿದರೆ, ತಂಗಿಯ ವಿಳಾಸ ದುಬೈ ಅಂತ ಇದೆ, ಹೇಗೆ ಏರಿಸುವುದು ಗೊತ್ತಾಗಲಿಲ್ಲ ಅಂತ ಇಟ್ಟಿದ್ದರಂತೆ. ಆಧಾರಿನ ವಿಳಾಸ ಹಾಕಿ ಅಂದೆ, ಆಯಿತು.

ತಂಗಿಯದ್ದೇ ದೊಡ್ಡ ಕತೆ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಅವಳ ಒಪ್ಪಿಗೆ ಬೇಕು. ಅವಳ ಆಧಾರಿಗೆ ಜೋಡಿಸಿದ್ದ ಮೊಬೈಲ್ ನಂಬರು ಯಾವತ್ತೋ ಸತ್ತುಹೋಗಿದೆ, ಒಟಿಪಿ ಬರುವುದಿಲ್ಲ. ಕೊನೆಗೆ ಅಲ್ಲಿನ ಭಾರತದ ಕಾನ್ಸುಲೇಟಿನಲ್ಲಿ ನನ್ನ ಹೆಸರಿಗೆ ಅಧಿಕಾರ ಪತ್ರ ಮಾಡಿಸಿ ಕೊರಿಯರಲ್ಲಿ ಕಳಿಸಿದಳು. ವಿದೇಶದಲ್ಲಿ ಮಾಡಿದ ಅಧಿಕಾರ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಅದು ಆಗುತ್ತದೆ. ಕೊರಿಯರ್ ಕವರನ್ನು ಬಿಸಾಡಬೇಡಿ, ಬಂದ ತಾರೀಕಿಗೆ ಅದೇ ಸಾಕ್ಷಿ. ಮಕ್ಕಳು ಗಲ್ಫಲ್ಲೋ ಅಮೆರಿಕದಲ್ಲೋ ಇರುವ ಮನೆಯವರು, ಅವರು ಶವಸಂಸ್ಕಾರಕ್ಕೆ ಬಂದಾಗಲೇ ಆಧಾರಿನ ಮೊಬೈಲ್ ನಂಬರು ಬದಲಾಯಿಸಿ, ಅಧಿಕಾರ ಪತ್ರಕ್ಕೂ ಸಹಿ ಹಾಕಿಸಿಬಿಡಿ. ಕೇಳಲು ಒರಟು ಅನ್ನಿಸಬಹುದು. ಆದರೆ ಎರಡು ದಿನದ ಕೆಲಸಕ್ಕೆ ನಾವು ಎರಡು ತಿಂಗಳು ಕಾದೆವು.

ಪೌತಿಗೆ ಮುದ್ರಾಂಕ ಶುಲ್ಕ ಇಲ್ಲ, ಅರ್ಜಿಗೆ ಸಣ್ಣ ಮೊತ್ತ ಅಷ್ಟೆ. ಆಕ್ಷೇಪಣೆಗೆ ನೋಟೀಸು ಹಾಕುತ್ತಾರೆ, ಅವಧಿ ಮುಗಿದ ಮೇಲೆ ಮ್ಯುಟೇಷನ್, ಅಂದರೆ ದಾಖಲೆಯಲ್ಲಿ ಹೆಸರು ಬದಲಾವಣೆ. ಇಲ್ಲೂ ಎಲಿಜಾ ಬಾಯಿಯ ಪ್ರಶ್ನೆ ಬಂತು. ಈ ಸಲ ನಾನು ಮಾತೇ ಆಡಲಿಲ್ಲ, 1955ರ ಪುಟದ ನಕಲನ್ನು ಮುಂದೆ ಇಟ್ಟೆ. ಅಧಿಕಾರಿ ಓದಿ, ಹಿಂದೆ ಮುಂದೆ ತಿರುಗಿಸಿ, “ಚರ್ಚಿನವರು ಇಷ್ಟೆಲ್ಲ ಇಟ್ಟುಕೊಳ್ಳುತ್ತಾರಾ?” ಅಂದರು. ಇಟ್ಟುಕೊಂಡಿದ್ದಾರೆ ಸಾರ್, ಅಂದೆ.

ಪೌತಿ ಆದರೆ ಮೂವರ ಹೆಸರು ಜಂಟಿಯಾಗಿ ಬರುತ್ತದೆ. ಪಾಲು ಮಾಡಿಕೊಳ್ಳುವುದು, ಒಬ್ಬರಿಗೆ ಬಿಟ್ಟುಕೊಡುವುದು ಬೇರೆ ಕೆಲಸ, ಅದಕ್ಕೆ ನೋಂದಣಿ ಬೇಕು. ನಾವು ಆ ಕಡೆ ಹೋಗಿಲ್ಲ. ಅಣ್ಣನಿಗೆ ಮನೆ ಮಾರುವ ಯೋಚನೆ ಇದೆ, ನನಗೆ ಇಲ್ಲ. ಅದು ನಮ್ಮೊಳಗಿನ ಮಾತು.

ಪುರಸಭೆಯ ಇ-ಖಾತೆ ಈಗ ನಡೆಯುತ್ತಿದೆ. ಮನೆ ತೆರಿಗೆ ಬಾಕಿ ಇದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಅಮ್ಮನ ತೆರಿಗೆ ರಸೀದಿಗಳು ಚರ್ಚಿನ ವಂತಿಗೆ ರಸೀದಿಗಳ ಜೊತೆಯಲ್ಲೇ ವರ್ಷವಾರು ದಾರ ಕಟ್ಟಿ ಇದ್ದವು, ಹಾಗಾಗಿ ಅದೊಂದು ಸಲೀಸಾಯಿತು. ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ನಮೂನೆ 7 ಕೊಟ್ಟಾಗಿದೆ. ರೇಷನ್ ಕಾರ್ಡಿನಿಂದಲೂ ತೆಗೆಸಿದ್ದೇವೆ.

ಮರಣ ಪತ್ರದ ಪ್ರತಿ ಹತ್ತಾದರೂ ಇರಲಿ. ಚರ್ಚಿನ ಪತ್ರವನ್ನು ಮಾತ್ರ ಯಾರಿಗೂ ಅಸಲು ಕೊಡಬೇಡಿ, ತೋರಿಸಿ ನಕಲು ಕೊಡಿ. ಬೀರು ಖಾಲಿ ಮಾಡುವಾಗ ಹಾಲಿನ ಸೊಸೈಟಿಯದ್ದು ಒಂದು ಷೇರು ಪತ್ರ ಸಿಕ್ಕಿದೆ, ನೂರು ರೂಪಾಯಿಯದ್ದು, ಅದರಲ್ಲಿ ಇನ್ನೊಂದು ಹೆಸರು. ಸೋಮವಾರ ಅದನ್ನು ಹಿಡಿದುಕೊಂಡು ಹೋಗಬೇಕು.